ಜೋಳದ ಡಾಕ್ಟರು ಮತ್ತು ಶೇಡಬಾಳದ ಆಯಿ

ಕಾಳಿನ ಒಳಗೆ ಏನು ನಡೆಯುತ್ತದೆ ಎಂದು ನೋಡುವುದನ್ನೇ ಕೆಲಸ ಮಾಡಿಕೊಂಡವನಿಗೆ ಕಾಳಿನ ಹೊರಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ನಮ್ಮ ಲ್ಯಾಬಿನಲ್ಲಿ ಉಳಿದವರಿಗೆಲ್ಲ ಗಾಜಿನ ಮನೆಯಲ್ಲಿ ಕುಂಡದೊಳಗೆ ಬೆಳೆದ ಗಿಡಗಳು. ಅವು ಇಟ್ಟಲ್ಲಿ ಇರುತ್ತವೆ, ಯಾರ ಕೈಗೂ ಸಿಗುವುದಿಲ್ಲ. ನನ್ನ ಪಾಲಿಗೆ ಬಂದದ್ದು ಬಯಲಲ್ಲಿ ಬೆಳೆಯುವ ಹಿಂಗಾರಿ ಜೋಳ. ಬಯಲು ಅಂದಮೇಲೆ ಅಲ್ಲಿ ಮಂದಿ ಇರುತ್ತಾರೆ, ಎಮ್ಮೆ ಇರುತ್ತವೆ, ಹಕ್ಕಿ ಇರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಶೇಡಬಾಳದ ಆಯಿ ಇರುತ್ತಾರೆ.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜೋಳ ಹೂ ಬಿಟ್ಟ ಮೇಲೆ ಕಾಳಿನಲ್ಲಿ ಮೊದಲು ನೀರಿರುತ್ತದೆ, ಆಮೇಲೆ ಹಾಲಾಗುತ್ತದೆ, ಕೊನೆಗೆ ಹಿಟ್ಟಾಗುತ್ತದೆ. ಈ ಹಾಲಿನ ಸಕ್ಕರೆ ಹಿಟ್ಟಾಗುವಾಗ ಯಾವ ಜೀನು ಯಾವ ದಿನ ಎದ್ದು ಕೆಲಸ ಶುರು ಮಾಡುತ್ತದೆ, ಯಾವುದು ಕೆಲಸ ಮುಗಿಸಿ ಮಲಗುತ್ತದೆ ಎಂಬುದು ನನ್ನ ಪಿಎಚ್‌ಡಿ. ಎದ್ದ ಜೀನು ಜೀವಕೋಶಕ್ಕೆ ಆರ್‌ಎನ್‌ಎ ಎಂಬ ಚೀಟಿ ಬರೆದು ಕಳಿಸುತ್ತದೆ. ಆ ಚೀಟಿ ಓದಿದರೆ ಒಳಗಿನ ಸುದ್ದಿ ಗೊತ್ತಾಗುತ್ತದೆ. ತೊಂದರೆ ಏನೆಂದರೆ, ಕಾಳು ಕಿತ್ತ ಕೆಲವೇ ನಿಮಿಷದಲ್ಲಿ ಚೀಟಿ ಹಾಳಾಗುತ್ತದೆ. ಅದಕ್ಕೇ ಹೊಲದಲ್ಲೇ ನಿಂತು, ಕಿತ್ತ ಕಾಳನ್ನು ಕೂಡಲೇ ದ್ರವ ನೈಟ್ರೋಜನ್ನಿನಲ್ಲಿ ಅದ್ದಬೇಕು. ಹೂ ಬಿಟ್ಟ ಹತ್ತನೆಯ, ಹದಿನೈದನೆಯ, ಇಪ್ಪತ್ತನೆಯ ದಿನದ ಕಾಳು ಮೂರೂ ಒಂದೇ ಹೊಲದಿಂದ, ಒಂದೇ ಹಂಗಾಮಿನಲ್ಲಿ ಬರಬೇಕು. ಒಂದು ತಪ್ಪಿದರೂ ಉಳಿದ ಎರಡು ದಂಡ. ಇದಕ್ಕೆ ನನ್ನ ಗೈಡ್ ಸರ್ ಕೊಟ್ಟದ್ದು ಮೂರು ಚಳಿಗಾಲ. ಅಷ್ಟರಲ್ಲಿ ಆಗದಿದ್ದರೆ ಬೇರೆ ಕೆಲಸ ಹುಡುಕಿಕೊ ಎಂದು ಪ್ರೀತಿಯಿಂದಲೇ ಹೇಳಿದ್ದರು.

ಹೊಲ ಸಿಕ್ಕಿದ್ದು ಶೇಡಬಾಳದ ಒಂದು ಜೈನ ಮನೆತನದ್ದು. ಸುತ್ತ ಎಲ್ಲಿ ನೋಡಿದರೂ ಕಬ್ಬು. ನಡುವೆ ಮನೆಯ ರೊಟ್ಟಿಗೆಂದು ಉಳಿಸಿಕೊಂಡ ಒಂದು ಪಟ್ಟಿ ಹಳೆಯ ತಳಿಯ ಜೋಳ. ಆ ಪಟ್ಟಿ ಉಳಿದಿದ್ದೇ ಮನೆಯ ಹಿರಿಯಳ ಹಟದಿಂದ. ಎಪ್ಪತ್ತು ದಾಟಿದ, ಗಾಳಿ ಬಂದರೆ ಹಾರಿಹೋಗುವಷ್ಟು ಸಣ್ಣ ಜೀವ. ಊರೆಲ್ಲ ಆಯಿ ಅನ್ನುತ್ತಿತ್ತು, ನಾನೂ ಆಯಿ ಅಂದೆ. ಮಗ ನನಗೆ ಅಣ್ಣಾರು ಆದರು, ಸೊಸೆ ವೈನಿ, ಅಂದರೆ ಅತ್ತಿಗೆ, ಆದರು.

೧. ಒಂದೇ ಥರದ ಎರಡು ಕ್ಯಾನು

ದ್ರವ ನೈಟ್ರೋಜನ್ ಒಯ್ಯುವ ಅಲ್ಯುಮಿನಿಯಂ ಕ್ಯಾನು ನಮ್ಮ ಲ್ಯಾಬಿನಲ್ಲಿ ವಿಜ್ಞಾನದ ಗುರುತು. ಚಿಕ್ಕೋಡಿ ದಾಟಿದ ಮೇಲೆ ಅದು ಎಮ್ಮೆಯ ಗುರುತು. ಹಳ್ಳಿಹಳ್ಳಿಗೆ ಕೃತಕ ಗರ್ಭಧಾರಣೆ ಮಾಡುವ ದನದ ಡಾಕ್ಟರು ಮೋಟರ್ ಸೈಕಲ್ಲಿಗೆ ಕಟ್ಟಿಕೊಂಡು ಬರುವುದು ಅದೇ ಕ್ಯಾನು.

ಮೊದಲನೆಯ ಚಳಿಗಾಲ ಅದನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ಕಾಗವಾಡದ ಬಸ್ಸಿನಲ್ಲಿ ಕುಳಿತಿದ್ದೆ. ಪಕ್ಕದ ಹಿರಿಯರು ಬಹಳ ಹೊತ್ತು ಕ್ಯಾನನ್ನೇ ನೋಡಿ ಕೇಳಿದರು.

"ಆಕಳಿಗೇನ್ರಿ, ಎಮ್ಮಿಗೇನ್ರಿ?"

"ಜೋಳಕ್ಕ್ರಿ" ಅಂದೆ.

ಅವರು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು. ಆದರೆ ಶೇಡಬಾಳದಲ್ಲಿ ನನ್ನ ಜೊತೆಗೇ ಇಳಿದರು. ನಾನು ಒಂದು ಚಹಾ ಕುಡಿದು ಆಯಿಯ ಹೊಲ ಮುಟ್ಟುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಹೋಗಿತ್ತು. ಬದುವಿನ ಮೇಲೆ ಒಬ್ಬ ರೈತ ಎಮ್ಮೆ ಹಿಡಿದುಕೊಂಡು ನಿಂತಿದ್ದ.

"ಡಾಕ್ಟ್ರ, ಮುಂಜಾನಿಂದ ಒದರಾಕತ್ತೈತ್ರಿ. ಲಗೂನ ನೋಡ್ರಿ."

ನಾನು ದನದ ಡಾಕ್ಟರಲ್ಲ ಅಂದೆ. ನಂಬಲಿಲ್ಲ. ಮುಚ್ಚಳ ತೆಗೆದು ತೋರಿಸಿದೆ. ಬಿಳಿ ಹೊಗೆ ಬಂತು. ಆ ಹೊಗೆ ನೋಡಿದ ಮೇಲಂತೂ ಅವನಿಗೆ ಅನುಮಾನವೇ ಉಳಿಯಲಿಲ್ಲ. ಸುತ್ತಲಿನವರೂ ಬಂದರು. ಒಬ್ಬೊಬ್ಬರಿಗೂ ಹೊಗೆ ತೋರಿಸಿ ತೋರಿಸಿ ನನ್ನ ನೈಟ್ರೋಜನ್ ಅರ್ಧಕ್ಕೆ ಇಳಿಯಿತು. ಅಷ್ಟು ಹೊತ್ತಿಗೆ ಆ ರೈತ ಮುಂಜಾನೆಯಿಂದ ಮಿಸ್ಡ್ ಕಾಲ್ ಕೊಡುತ್ತಿದ್ದ ನಿಜವಾದ ಡಾಕ್ಟರು ಅಥಣಿಯಿಂದ ಬಂದು ಇಳಿದರು. ಒಳ್ಳೆಯ ಮನುಷ್ಯ. ನನ್ನ ಅವಸ್ಥೆ ಕೇಳಿ, "ಅಯ್ಯ, ನಮ್ಮ ಕ್ಯಾನಿನಾಗಿಂದ ಒಂದೀಟು ಹಾಕ್ತೀನಿ ತಗೋರಿ" ಎಂದು ತಮ್ಮದರಿಂದ ನನ್ನದಕ್ಕೆ ಸುರಿದುಕೊಟ್ಟರು. ನಾನು ಹತ್ತು ದಿನದ ಕಾಳು ಕಿತ್ತು ಅದ್ದಿದೆ. ಅವರು ಎಮ್ಮೆ ನೋಡಿದರು. ಇಬ್ಬರೂ ಕೈ ತೊಳೆದುಕೊಂಡು, ಆಯಿ ಕೊಟ್ಟ ಮಜ್ಜಿಗೆ ಕುಡಿದು, ಒಬ್ಬರನ್ನೊಬ್ಬರು ಹೊಗಳಿ, ಫೋನ್ ನಂಬರು ಕೊಟ್ಟುಕೊಂಡು, ಒಂದೊಂದು ಕ್ಯಾನು ಎತ್ತಿಕೊಂಡು ಹೊರಟೆವು.

ಮರುದಿನ ಲ್ಯಾಬಿನಲ್ಲಿ ಸರ್ ಮುಂದೆ ಹೆಮ್ಮೆಯಿಂದ ಮುಚ್ಚಳ ತೆಗೆದೆ. ಒಳಗಿದ್ದದ್ದು ಕಾಳಲ್ಲ, ಯಾವುದೋ ಮುರ್ರಾ ಕೋಣದ ವೀರ್ಯದ ಕಡ್ಡಿಗಳು. ಸರ್ ಒಂದು ಕಡ್ಡಿಯ ಮೇಲಿನ ನಂಬರು ಓದಿ, ತಣ್ಣಗೆ ವಾಪಸು ಇಟ್ಟು, "ತಳಿ ಚೆನ್ನಾಗಿದೆ" ಅಂದರು. ಅತ್ತ ನನ್ನ ಕಾಳು ಅವರ ಕಡೆ ಬಿಸಿಲಲ್ಲಿ ಮೂರು ಊರು ಸುತ್ತಿ, ನೈಟ್ರೋಜನ್ ಆರಿಹೋಗಿ ಕೆಟ್ಟುಹೋಗಿತ್ತು. ಒಂದು ಚಳಿಗಾಲ ಹೀಗೆ ನೀರಿನಲ್ಲಿ ಹೋಯಿತು.

ಅಷ್ಟರಲ್ಲಿ ಡಾಕ್ಟರ ಫೋನು ಬಂತು. "ಸರ್, ನಿಮ್ಮ ಜ್ವಾಳ ನನ್ನ ಕಡೆ ಬಂದಾವರಿ. ರಾಯಬಾಗದ ಎಮ್ಮಿ ಮುಂದ ಮುಚ್ಚಳಾ ತಗದೆ. ಎಮ್ಮಿ ಮೂಸಿ ನೋಡಿ, ತಿನ್ನಾಕ ಕೊಡತಾರಂತ ಬಾಯಿ ತಗೀತ್ರಿ!"

೨. ಎರಡು ಪಾಲು, ಒಂದು ಪಾಲು

ಆ ಮನೆಯಲ್ಲಿ ಒಂದು ಹಳೆಯ ವಾದ ಇತ್ತು. ಬಂದವರ ಮುಂದೆಲ್ಲ ಅದು ನಡೆಯಲೇಬೇಕು. ಅಣ್ಣಾರು, "ಈ ಜ್ವಾಳ ನಮ್ಮ ಮನೆತನದ ಬೀಜರಿ, ನಮ್ಮ ಅಪ್ಪಾರ ಕಾಲದ್ದು" ಅನ್ನುವರು. ಆಯಿ, "ಅಥಣಿ ಕಡಿಯಿಂದ ಲಗ್ನ ಆಗಿ ಬರಬೇಕಾದ್ರ ಉಡಿಯಾಗ ಕಟಗೊಂಡು ಬಂದಾಕಿ ನಾನು. ನಿಮ್ಮಪ್ಪ ಬರೇ ಬಿತ್ತಿದಾ" ಅನ್ನುವರು.

ಒಂದು ಮಧ್ಯಾಹ್ನ ನನಗೆ ಸುಮ್ಮನಿರಲು ಆಗಲಿಲ್ಲ. ಕಲಿತದ್ದನ್ನು ತೋರಿಸುವ ಚಟ. ಕಾಳಿನಲ್ಲಿ ಮೊಳಕೆಯಾಗುವ ಭಾಗ ಬೇರೆ, ಹಿಟ್ಟಿನ ಭಾಗ ಬೇರೆ ಎಂದು ಶುರು ಮಾಡಿದೆ. ಮೊಳಕೆಯ ಭಾಗಕ್ಕೆ ತಾಯಿಯಿಂದ ಒಂದು ಪಾಲು ಜೀನು, ತಂದೆಯಿಂದ ಒಂದು ಪಾಲು. ಆದರೆ ಹಿಟ್ಟಿನ ಭಾಗಕ್ಕೆ ಹಾಗಲ್ಲ. ತಾಯಿಯಿಂದ ಎರಡು ಪಾಲು, ತಂದೆಯಿಂದ ಒಂದೇ ಪಾಲು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ವೈನಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

"ಏನಂದ್ರಿ? ಇನ್ನೊಮ್ಮಿ ಹೇಳ್ರಿ."

ಹೇಳಿದೆ.

"ಇದು ಸೈನ್ಸಿನಾಗ ಐತೇನ್ರಿ? ಇಲ್ಲಾ ನೀವ ಹೇಳಾಕತ್ತೀರೊ?"

"ಸೈನ್ಸಿನಾಗ ಐತ್ರಿ ವೈನಿ."

ವೈನಿ ಒಳಗೆ ಹೋದರು. ಅವತ್ತಿನ ಊಟಕ್ಕೆ ಅಣ್ಣಾರ ತಾಟಿಗೆ ರೊಟ್ಟಿ ಲೆಕ್ಕ ಹೇಳಿಯೇ ಬಿದ್ದವು. "ಇದು ಆಯಿ ಪಾಲಿಂದು, ಇದೂ ಆಯಿ ಪಾಲಿಂದು. ಇದೊಂದು ನಿಮ್ಮ ಅಪ್ಪಾರದು." ಆಯಿ ಏನೂ ಗೊತ್ತಿಲ್ಲದವರ ಹಾಗೆ ಗುರೆಳ್ಳು ಚಟ್ನಿ ಬಡಿಸುತ್ತಿದ್ದರು. ಅಣ್ಣಾರು ಮೂರನೆಯ ರೊಟ್ಟಿಯನ್ನು ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿ, "ಒಂದು ಪಾಲರ ನಮ್ಮದ ಐತಲ್ರಿ? ಅದು ಪಕ್ಕಾ ಐತಲ್ಲ?" ಅಂದರು.

ಆಯಿ ಚಟ್ನಿಯ ಬಟ್ಟಲು ಕೆಳಗಿಟ್ಟರು. "ಆ ಒಂದು ಪಾಲು ಗಾಳ್ಯಾಗ ಹಾರಿ ಬರೂ ಪುಡಿ. ಯಾರ ಹೊಲದಿಂದ ಬಂತೋ ಏನೋ. ಅದರ ಮ್ಯಾಲ ಭಾಳ ಮಾತಾಡಬ್ಯಾಡಪಾ."

ಹಾಗೇನೂ ಇಲ್ಲ ಅನ್ನು ಎಂಬಂತೆ ಅಣ್ಣಾರು ನನ್ನನ್ನು ನೋಡಿದರು. ಜೋಳದಲ್ಲಿ ಬಹುಪಾಲು ಸ್ವಂತ ಗಿಡದ ಪರಾಗವೇ ಕಟ್ಟಿದರೂ ಆಗೀಗ ಹೊರಗಿನದು ಸೇರುವುದು ನಿಜ. ಅನ್ನ ತಿಂದ ಮನೆಯಲ್ಲಿ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಣ್ಣಾರು ಊಟ ಮುಗಿಸುವ ತನಕ ಬಾಗಿಲಾಚೆ, ಕಬ್ಬಿನ ಆಚೆಗಿನ ಬೇರೆಯವರ ಜೋಳದ ಹೊಲದ ದಿಕ್ಕಿಗೆ ಅನುಮಾನದಿಂದ ನೋಡುತ್ತಿದ್ದರು.

೩. ಟೊಪ್ಪಿಗೆ

ಆ ಗಾಳಿಯ ಮಾತಿನಿಂದಲೇ ನನಗೆ ಬುದ್ಧಿ ಬಂತು. ಎರಡನೆಯ ಚಳಿಗಾಲ ಹೂ ಬಿಡುವ ಮೊದಲೇ ನನ್ನ ತೆನೆಗಳಿಗೆಲ್ಲ ಬೆಣ್ಣೆ ಕಾಗದದ ಚೀಲ ತೊಡಿಸಿದೆ. ಹೊರಗಿನ ಪರಾಗ ಸೇರಬಾರದು, ಹಕ್ಕಿಯೂ ಮುಟ್ಟಬಾರದು. ಬದುವಿಗೆ ಹತ್ತಿದ ಮೊದಲ ಸಾಲನ್ನು ಹತ್ತು ದಿನದ ಕಾಳಿಗೆಂದು ಇಟ್ಟುಕೊಂಡೆ. ಕೈಗೆ ಹತ್ತಿರ, ಕೆಸರು ತುಳಿಯಬೇಕಿಲ್ಲ. ಊರಿನವರು ಬಂದು ನೋಡಿ, "ಜ್ವಾಳಕ್ಕ ಟೊಪ್ಪಿಗಿ ಹಾಕ್ಯಾರ, ಥಂಡಿ ಐತಲ್ಲ ಪಾಪ" ಎಂದು ಹೋದರು.

ಹತ್ತನೆಯ ದಿನ ಹೋದೆ. ಟೊಪ್ಪಿಗೆಗಳೆಲ್ಲ ಕಟ್ಟಿದ ಹಾಗೇ ಇದ್ದವು. ಸಮಾಧಾನವಾಯಿತು. ಮೊದಲನೆಯದನ್ನು ಬಿಚ್ಚಿದೆ. ಒಳಗೆ ಬರೀ ದಂಟು. ಎರಡನೆಯದರಲ್ಲಿ ಹೊಟ್ಟು. ಮೊದಲ ಸಾಲು ಪೂರ್ತಿ ಹೀಗೇ. ಮೊಹರು ಒಡೆಯದೆ ಕಳುವಾದ ಖಜಾನೆಯ ಮುಂದೆ ನಿಂತ ಪೊಲೀಸನ ಹಾಗೆ ನಿಂತುಬಿಟ್ಟೆ.

ಆಯಿ ಬಂದರು. ನನ್ನ ಮುಖ ನೋಡಿ ಗಾಬರಿಯಾದರು.

"ಏನಾತು ತಮ್ಮಾ?"

"ಕಾಳು ಇಲ್ರಿ ಆಯಿ. ಯಾರ ತಿಂದರೊ!"

"ಗುಬ್ಬಿ ತಿಂದಾವ, ಗಿಳಿ ತಿಂದಾವ. ಮತ್ತ್ಯಾರ ತಿಂತಾರ? ಬದುವಿನ ಸಾಲು ಅವುದಲ್ಲ?"

ಆಮೇಲೆ ಎಲ್ಲ ತಿಳಿಯಿತು. ಆ ಮನೆಯಲ್ಲಿ ಬದುವಿನ ಸಾಲು ಮೊದಲಿನಿಂದಲೂ ಹಕ್ಕಿಗಳದ್ದು. ಮನೆಯವರು ಅದರ ಒಂದು ತೆನೆಯನ್ನೂ ಕೊಯ್ಯುವುದಿಲ್ಲ. ನನಗೆ ಯಾರೂ ಹೇಳಿರಲಿಲ್ಲ, ಯಾಕೆಂದರೆ ಅದನ್ನೂ ಒಬ್ಬರಿಗೆ ಹೇಳಬೇಕಾಗುತ್ತದೆ ಎಂದು ಅವರಿಗೆ ಹೊಳೆದಿರಲಿಲ್ಲ. ಹಕ್ಕಿಗಳು ದಿನಾ ಬಂದು ಕಾಗದ ಕುಕ್ಕಿ ಉಪವಾಸ ಹೋಗುವುದನ್ನು ಕಂಡ ಆಯಿ, ಮುಂಜಾನೆ ಪೂಜೆ ಮುಗಿಸಿ ಬಂದು ಒಂದೊಂದೇ ಟೊಪ್ಪಿಗೆ ಬಿಚ್ಚಿ, ಅವುಗಳ ಊಟ ಮುಗಿಯುವ ತನಕ ನಿಂತು, ಮತ್ತೆ ತೊಡಿಸಿ ಹೋಗುತ್ತಿದ್ದರು.

ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ವಯಸ್ಸಿನಲ್ಲಿ ದಿನಾ ನಲವತ್ತು ಗಂಟು ಬಿಚ್ಚಿ ನಲವತ್ತು ಗಂಟು ಕಟ್ಟಿದ ಕೈಯ ಮೇಲೆ ಹೇಗೆ ಸಿಟ್ಟಾಗುವುದು? ಹದಿನೈದು, ಇಪ್ಪತ್ತು ದಿನದ ಕಾಳು ಒಳಸಾಲಿನಲ್ಲಿ ಸಿಕ್ಕವು; ಅಲ್ಲಿ ಟೊಪ್ಪಿಗೆ ಹಾಕಿದ್ದು ಆ ಎರಡಕ್ಕೆ ಸಾಲುವಷ್ಟೇ. ಹತ್ತು ದಿನದ್ದು ಇಲ್ಲದೆ ಅವು ಇದ್ದೂ ಉಪಯೋಗವಿಲ್ಲ. ಫ್ರೀಜರಿಗೆ ಹಾಕಿ ಸುಮ್ಮನಾದೆ. ಎರಡನೆಯ ಚಳಿಗಾಲವೂ ಹೋಯಿತು.

ಹೊರಡುವಾಗ ಆಯಿ ನನ್ನನ್ನು ಸಮಾಧಾನ ಮಾಡಿದರು. "ಬ್ಯಾಸರ ಮಾಡಕೋಬ್ಯಾಡ ತಮ್ಮಾ. ಟೊಪ್ಪಿಗಿ ಒಂದೂ ಕಳದಿಲ್ಲ. ಬೇಕಾದ್ರ ಎಣಿಸಿಕೋ."

೪. ಕಿಟಕಿ ಪಕ್ಕದ ಸೀಟು

ಹಕ್ಕಿಯ ಪ್ರಸಂಗದ ನಂತರ ಆಯಿಗೆ ಒಂದು ಅಳುಕು ಉಳಿದಿತ್ತು. ಈ ಹುಡುಗ ಕಾಳಿಗಾಗಿ ಇಷ್ಟು ಒದ್ದಾಡುತ್ತಾನಲ್ಲ, ಒಳಗೆ ಏನು ನೋಡುತ್ತಾನೆ ಎಂದು ಕೇಳಿದರು. ಒಂದು ಎಳೆಯ ಕಾಳು ಸೀಳಿ, ಭೂತಗನ್ನಡಿ ಹಿಡಿದು ತೋರಿಸಿದೆ. "ಇಲ್ಲಿ ಸಣ್ಣದು ಕಾಣತೈತಲ್ರಿ, ಅದು ಭ್ರೂಣ. ಅಂದ್ರ ಗಿಡದ ಕೂಸು."

ಆಯಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಕೂಸಂದ್ರ, ಜೀವ ಐತಿ?"

ಬೆಳೆಯುತ್ತಾ ಇರುತ್ತದೆ, ಆದರೆ ಒಂದು ಹಂತ ದಾಟುವ ತನಕ ಬೇರೆ ಮಾಡಿದರೆ ತಾನಾಗಿ ಮೊಳೆಯುವುದಿಲ್ಲ ಅಂದೆ.

"ಹಂಗಾದ್ರ ಯಾವ ದಿನ ಜೀವ ಬರತೈತಿ ಅದಕ್ಕ?"

ನಾನು ಬೆಪ್ಪಾದೆ. ಇದೇ ಪ್ರಶ್ನೆಯನ್ನು ಕೇಳಲು ನನ್ನ ಸಂಶೋಧನೆಯ ಅರ್ಜಿಯಲ್ಲಿ ಎಂಟು ಪುಟ ಖರ್ಚು ಮಾಡಿದ್ದೆ. ಆಯಿ ಆರು ಶಬ್ದದಲ್ಲಿ ಮುಗಿಸಿದ್ದರು. ಅವರ ಮನೆಯಲ್ಲಿ ಮೊಳೆಯುವ ಕಾಳು ಯಾವುದು, ಬೇಯಿಸಿದ ಮೇಲೆ ಏನಾಗುತ್ತದೆ, ಯಾವುದನ್ನು ಯಾವಾಗ ತಿನ್ನಬೇಕು ಎಂಬುದು ತಲೆಮಾರುಗಳಿಂದ ನಡೆದ ವಿಚಾರ. ನನಗೆ ಪಾಠಕ್ಕೆ ಕುಳಿತವನ ಹಾಗೆ ಆಯಿತು. ಬೇರೆ ಬೇರೆ ದಿನ ಕಿತ್ತ ಕಾಳನ್ನು ಒಣಗಿಸಿ ಒದ್ದೆ ಕಾಗದದ ಮೇಲಿಟ್ಟು, ಯಾವುದು ಮೊಳೆಯುತ್ತದೆ ನೋಡುತ್ತೇವೆ ಎಂದು ಹೇಳಿದೆ.

"ಛೊಲೊ ಆತು. ಮೊಳಕಿ ಬಂದವನ್ನ ಏನ ಮಾಡತೀರಿ?"

"ಎಣಿಸಿ ಬರಕೊಂಡು ಚೆಲ್ಲತೀವ್ರಿ."

ಆಯಿ ಮೂರನೆಯ ಚಳಿಗಾಲಕ್ಕೆ ಹೊಲ ಕೊಡಲು ಒಂದು ಕರಾರು ಹಾಕಿದರು. ಟೊಪ್ಪಿಗೆ ಬೇಡ ಎಂಬುದು ಹೇಗೂ ಇತ್ತು. ಇದು ಅದಕ್ಕಿಂತ ದೊಡ್ಡದು: ತಮ್ಮ ಹೊಲದ ಕಾಳಿಗೆ ಲ್ಯಾಬಿನಲ್ಲಿ ಮೊಳಕೆ ಬಂದರೆ ಅದನ್ನು ಶೇಡಬಾಳಕ್ಕೆ ತಂದು ಮುಟ್ಟಿಸಬೇಕು.

ಹೀಗಾಗಿ ಒಂದು ಮುಂಜಾನೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಹನ್ನೊಂದು ಜೋಳದ ಸಸಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಟಿಕೆಟ್ ಹರಿಯುತ್ತಾ ಬಂದು, "ಏನ್ರಿ ಇದು? ನಮ್ಮ ಕಡೆ ಜ್ವಾಳ ಇಲ್ಲಂತ ಒಯ್ಯಾಕತ್ತೀರೇನು?" ಅಂದ. ಇದ್ದ ವಿಷಯ ಇದ್ದ ಹಾಗೆ ಹೇಳಿದೆ. ಶೇಡಬಾಳದ ಆಯಿ, ಕರಾರು, ಮುಟ್ಟಿಸುವ ಮಾತು, ಎಲ್ಲ. ನಗುತ್ತಾನೆ ಎಂದುಕೊಂಡಿದ್ದೆ. ಅವನು ನಗಲಿಲ್ಲ. ಮುಂದೆ ಹೋಗಿ ಒಬ್ಬ ದಪ್ಪನೆಯ ಗೃಹಸ್ಥರನ್ನು ಎಬ್ಬಿಸಿದ.

"ಸಾವಕಾರ್ರ, ಸ್ವಲ್ಪ ಆ ಕಡೆ ಕುಂದರ್ರಿ. ಇವಕ್ಕ ಬಿಸಲ ಕಡೆ ಕಿಟಕಿ ಸೀಟ್ ಬೇಕಾಗೈತಿ."

೫. ಸಾಹೇಬರಿಗೆ ಇಟ್ಟ ತೆನೆ

ಮೂರನೆಯ ಚಳಿಗಾಲ. ಈ ಸಲ ಕೈಬಿಟ್ಟರೆ ಮತ್ತೆ ಇಲ್ಲ. ಟೊಪ್ಪಿಗೆ ಬೇಡವಾದ್ದರಿಂದ, ಒಂದೇ ದಿನ ಹೂ ಬಿಟ್ಟ ತೆನೆಗಳನ್ನು ಒಳಸಾಲುಗಳಲ್ಲಿ ಆರಿಸಿ ಉಲ್ಲನ್ ದಾರ ಕಟ್ಟಿದೆ. ಹತ್ತು ದಿನಕ್ಕೆ ಕೀಳುವವಕ್ಕೆ ಹಳದಿ, ಹದಿನೈದಕ್ಕೆ ನೀಲಿ, ಇಪ್ಪತ್ತಕ್ಕೆ ಕೆಂಪು. ಹಳದಿಯೂ ನೀಲಿಯೂ ಸುರಕ್ಷಿತವಾಗಿ ಲ್ಯಾಬು ಸೇರಿದವು. ಉಳಿದದ್ದು ಕೆಂಪು ದಾರದ ಇಪ್ಪತ್ತು ತೆನೆ. ನನ್ನ ಚರಿತ್ರೆ ಗೊತ್ತಿದ್ದ ಸರ್, "ಈ ಸಲ ನಾನೇ ಬಂದು ಕಾವಲು ನಿಲ್ಲುತ್ತೇನೆ" ಅಂದರು. ನಾನೂ ಹುಷಾರಾಗಿ ಮನೆಯವರಿಗೆ ಹೇಳಿಟ್ಟೆ. "ಕೆಂಪು ದಾರದವು ನಮ್ಮ ಸಾಹೇಬ್ರು ಬಂದ ದಿನಕ್ಕ್ರಿ. ಅವರು ಬರೂತನಕ ಯಾರೂ ಮುಟ್ಟಬ್ಯಾಡ್ರಿ."

ಇಪ್ಪತ್ತನೆಯ ದಿನ ನಾನು ಅಥಣಿಗೆ ಹೋಗಿ, ನಮ್ಮ ದನದ ಡಾಕ್ಟರ ಕಡೆ ಕ್ಯಾನು ತುಂಬಿಸಿಕೊಂಡು, ಈ ಸಲ ಕ್ಯಾನಿನ ಮೇಲೆ ಹೆಸರು ಬರೆಸಿಕೊಂಡು ಬರುವಷ್ಟರಲ್ಲಿ ನಾಲ್ಕು ಗಂಟೆ. ಸರ್ ಮಧ್ಯಾಹ್ನದ ರೈಲಿಗೆ ಬಂದಾಗಿತ್ತು. ಬನ್ನಿ ಗಿಡದ ಕೆಳಗೆ ಕಂಬಳಿ ಹಾಸಿ ಕೂರಿಸಿದ್ದರು. ಮುಂದೆ ತಾಟು, ಶೇಂಗಾ ಚಟ್ನಿ, ಬೆಲ್ಲ, ಮೊಸರು. ಆಚೆ ಸಗಣಿ ಕುಳ್ಳಿನ ಕೆಂಡದಲ್ಲಿ ಅಣ್ಣಾರು ತೆನೆ ಸುಡುತ್ತಿದ್ದರು. ವೈನಿ ಬಿಸಿಬಿಸಿ ತಿಕ್ಕಿ ಕಾಳು ಬಿಡಿಸುತ್ತಿದ್ದರು. ಚಳಿಗಾಲದಲ್ಲಿ ಮನೆಗೆ ದೊಡ್ಡವರು ಬಂದರೆ ಎಳೆಜೋಳ ಸುಟ್ಟು ಸೀತನಿ ತಿನ್ನಿಸದೆ ಕಳಿಸುವ ಪದ್ಧತಿ ಆ ಕಡೆ ಇಲ್ಲ.

"ಬಾರಯ್ಯಾ," ಸರ್ ಬಾಯಿ ತುಂಬ ಕಾಳಿಟ್ಟುಕೊಂಡು ಕರೆದರು. "ಇಂಥ ಸೀತನಿ ನಾನು ಹುಟ್ಟಿದಾಗಿನಿಂದ ತಿಂದಿಲ್ಲ. ಒಂದು ಗಟ್ಟಿ, ಒಂದು ಮೆತ್ತಗೆ ಅನ್ನುವ ಮಾತೇ ಇಲ್ಲ. ಎಲ್ಲ ಕಾಳೂ ಒಂದೇ ಹದ!"

ಒಳಸಾಲಿಗೆ ಓಡಿದೆ. ಕೆಂಪು ದಾರದ ಒಂದು ತೆನೆಯೂ ಇರಲಿಲ್ಲ.

"ಆಯಿ! ನನ್ನ ತೆನಿ ಎಲ್ಲಿ ಹೋದ್ವು?"

"ನಿಮ್ಮವು ನೀವ ಒಯ್ದ್ರೆಲ್ಲ? ಹಳದಿ ಒಯ್ದ್ರಿ, ನೀಲಿ ಒಯ್ದ್ರಿ. ಕೆಂಪು ಸಾಹೇಬ್ರವು ಅಂದಿದ್ರಿ." ಆಯಿಯ ಮುಖದಲ್ಲಿ ಮೆಚ್ಚುಗೆ ತುಂಬಿತ್ತು. "ಏನ ಅನ್ರಿ, ಎಷ್ಟ ಚಂದ ಆರಿಸಿದ್ರಿ ತಮ್ಮಾ. ಎಲ್ಲಾ ಒಂದ ದಿನ ಹೂ ಬಿಟ್ಟಾವು. ನಾವು ಸೀತನಿಗೆ ಇಷ್ಟು ನಿಗಾ ಎಂದೂ ಮಾಡಿದ್ದಿಲ್ಲ ಬಿಡ್ರಿ."

ಸರ್ ಕೈ ಬಾಯಿಯ ಹತ್ತಿರ ನಿಂತಿತು. ನನ್ನ ಮುಖ ನೋಡಿದರು, ಮುಷ್ಟಿಯಲ್ಲಿದ್ದ ಕಾಳು ನೋಡಿದರು. ಸುಟ್ಟ ಕಾಳನ್ನು ಇನ್ನು ಇಟ್ಟು ಏನು ಮಾಡುವುದು ಎಂದೋ ಏನೋ, ತಿಂದುಬಿಟ್ಟರು.

ನಾನು ಸಾಲಿನ ನಡುವೆಯೇ ಕುಳಿತೆ. ಕಣ್ಣಲ್ಲಿ ನೀರು ಬಂತು. ಮೂರು ವರ್ಷದ ಬಸ್ಸು, ಬಿಸಿಲು, ಬೈಸಿಕೊಂಡದ್ದು ಎಲ್ಲ ಅಲ್ಲಿ ಬೂದಿಯಾಗಿ ಬಿದ್ದಿತ್ತು. ಮೇಲಾಗಿ ಯಾರನ್ನೂ ಬಯ್ಯುವ ಹಾಗಿಲ್ಲ. 'ಸಾಹೇಬ್ರು ಬಂದ ದಿನಕ್ಕ' ಎಂದು ಹೇಳಿದವನು ನಾನೇ. ವಿಷಯ ತಿಳಿದಾಗ ಆಯಿ ಬಿಳಿಚಿಕೊಂಡರು. ಅವರು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆದರೆ ಅದು ಒಂದು ಗಳಿಗೆ ಮಾತ್ರ.

"ಎಷ್ಟ ತೆನಿ ಬೇಕು?"

"ಇಪ್ಪತ್ತು. ಆದ್ರ ಸುಮ್ನ ಹರದ್ರ ಆಗೂದಿಲ್ರಿ ಆಯಿ. ಅದ ದಿನ ಹೂ ಬಿಟ್ಟಾವು ಆಗಬೇಕು. ದಾರ ಕಟ್ಟಿದ್ದು ಅಷ್ಟಕ್ಕ."

"ಅವತ್ತ ಹೂ ಬಿಟ್ಟ ತೆನಿ ಹೊಲದ ತುಂಬ ಅದಾವ. ದಾರ ಕಟ್ಟಿಲ್ಲಂತ ಅವಕ್ಕ ವಯಸ್ಸ ಆಗೂದಿಲ್ಲೇನು? ಏಳ ಮ್ಯಾಲ."

ಎದ್ದೆ. ಆಯಿ ಸಾಲಿಗೆ ಇಳಿದರು. ತೆನೆಯ ನಡುಭಾಗ ಹಿಡಿದು, ಒಂದು ಕಾಳನ್ನು ಹೆಬ್ಬೆರಳಿನ ಉಗುರಿಗೆ ಒತ್ತುವರು. ಬಂದ ಹಾಲು ನೋಡುವರು. "ಇದು ಎರಡ ದಿನ ಸಣ್ಣದು." ಮುಂದಿನದು. "ಇದು ಮೂರ ದಿನ ಹಿರೇದು." ಮುಂದಿನದು. "ಇದು ಬರೂಬರಿ, ತಗೊ." ಮೇಲಿನ ಕಾಳು ಅಕ್ಕ, ಕೆಳಗಿನ ಕಾಳು ತಂಗಿ, ಒಂದೇ ತೆನೆಯಲ್ಲಿ ನಾಲ್ಕೈದು ದಿನದ ಅಂತರ, ಅದಕ್ಕೇ ನಡುವಿನದನ್ನೇ ನೋಡಬೇಕು ಎಂದು ನನಗೆ ಕಲಿಸುತ್ತಾ ನಡೆದರು. ನಾನು ಪುಸ್ತಕ ಓದಿ ಒಂದು ವರ್ಷಕ್ಕೆ ಕಲಿತ ವಿಷಯ ಅದು. ಹೊತ್ತು ಮುಳುಗುವ ಮೊದಲು ಅವರ ಊಟ ಆಗಬೇಕು, ಅದನ್ನೂ ಮರೆತು ಸಾಲಿನಿಂದ ಸಾಲಿಗೆ ದಾಟುತ್ತಿದ್ದರು. ಸರ್ ಪ್ರಾಯಶ್ಚಿತ್ತಕ್ಕೆಂದು ತಾವೇ ಕ್ಯಾನು ಹೊತ್ತು ಹಿಂದೆ ಬರುತ್ತಿದ್ದರು. ನಡುವೆ ಅವರಿಗೂ ಹುರುಪು ಬಂದು, "ನಾನೂ ರೈತನ ಮಗನೇ" ಎಂದು ಒಂದು ತೆನೆ ಒತ್ತಿ ನೋಡಿ ನನಗೆ ಕೊಟ್ಟರು. ಅದೂ ಉಳಿದವುಗಳ ಹಾಗೆ ಸರದಿ ನಂಬರು ಬರೆಸಿಕೊಂಡು ಕ್ಯಾನಿಗೆ ಹೋಯಿತು. ಸೂರ್ಯ ಕಬ್ಬಿನ ಆಚೆ ಇಳಿಯುವಷ್ಟರಲ್ಲಿ ಇಪ್ಪತ್ತು ಆದವು.

ರೈಲಿನಲ್ಲಿ ಸರ್ ಹೇಳಿದರು. "ಆಯಿ ದೊಡ್ಡವರು, ಒಪ್ಪಿದೆ. ಆದರೆ ಹೆಬ್ಬೆರಳು ನಂಬಿ ಪಿಎಚ್‌ಡಿ ಕೊಡಲು ಬರುವುದಿಲ್ಲ. ಹಿಂದಿನ ವರ್ಷದ ಇಪ್ಪತ್ತು ದಿನದ ಕಾಳು ಫ್ರೀಜರಿನಲ್ಲಿ ಇದೆಯಲ್ಲ, ಅದಕ್ಕೆ ಹೋಲಿಸು. ಮಷೀನು ಹೇಳಲಿ."

ಎರಡು ತಿಂಗಳ ಕೆಲಸ. ನಿದ್ದೆಯಲ್ಲೂ ನನಗೆ ಆ ಹೆಬ್ಬೆರಳೇ ಕಾಣುತ್ತಿತ್ತು. ಕೊನೆಗೆ ಮಷೀನು ಹೇಳಿತು. ಹಿಟ್ಟು ಕಟ್ಟುವ ಜೀನುಗಳ ಚೀಟಿ ಹತ್ತೊಂಬತ್ತು ತೆನೆಯಲ್ಲಿ ಒಂದೇ ಮಟ್ಟಕ್ಕೆ ನಿಂತಿದ್ದವು, ಹಿಂದಿನ ವರ್ಷದ ಇಪ್ಪತ್ತು ದಿನದ ಕಾಳಿಗೂ ಸರಿಹೊಂದಿದ್ದವು. ಒಂದು ಮಾತ್ರ ದೂರ ಸರಿದು, ನಾಲ್ಕೈದು ದಿನ ಬಲಿತದ್ದು ಎಂದು ತೋರಿಸುತ್ತಿತ್ತು. ಹತ್ತೊಂಬತ್ತು ನನಗೆ ಧಾರಾಳ ಸಾಕು. ಪಿಎಚ್‌ಡಿ ಉಳಿಯಿತು. ನಾನು ಕುಣಿಯುತ್ತಿದ್ದರೆ ಸರ್ ಆ ಒಂದನ್ನೇ ನೋಡಿ ಸಂತೋಷಪಡುತ್ತಿದ್ದರು. "ನೋಡಿದೆಯಾ? ಎಷ್ಟಾದರೂ ಕೈ ಕೈಯೇ, ಮಷೀನು ಮಷೀನೇ. ನಡಿ, ಆಯಿಗೆ ಧನ್ಯವಾದ ಹೇಳಿ ಬರೋಣ. ಇದನ್ನೂ ನಯವಾಗಿ ತಿಳಿಸೋಣ."

ಹೋದೆವು. ಆಯಿ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ನಾನು ಕಾಲು ಮುಟ್ಟಿ ಸುದ್ದಿ ಹೇಳಿದೆ. ಆಯಿಯ ಕಣ್ಣು ತುಂಬಿತು. "ನಿನ್ನ ಮೂರ ವರ್ಷದ ದುಡಿಮಿ ನಾನ ಸುಟ್ಟೆ ಅಂತ ಎರಡ ತಿಂಗಳಾತು, ರೊಟ್ಟಿ ರುಚಿ ಹತ್ತವಲ್ದಾಗಿತ್ತು ತಮ್ಮಾ" ಅಂದರು.

ಸರ್ ಗಂಟಲು ಸರಿಮಾಡಿಕೊಂಡರು. "ಆಯೀರ, ಹತ್ತೊಂಬತ್ತು ಪಕ್ಕಾ ಬಂದವು. ಅದು ದೊಡ್ಡ ಮಾತು. ಒಂದು ಮಾತ್ರ, ಒಂದೇ ಒಂದು, ನಾಲ್ಕೈದು ದಿನ ಹಿರಿದು ಬಂತು ನೋಡಿ. ಮನುಷ್ಯರ ಕೈ ಅಂದ ಮೇಲೆ..."

"ಹನ್ನೆರಡನೇದು ಅಲ್ರಿ?" ಅಂದರು ಆಯಿ.

ಸರ್ ಚೀಲದಿಂದ ಕಾಗದ ತೆಗೆದು ನೋಡಿದರು. ಹನ್ನೆರಡನೆಯದೇ.

"ನಿಮಗೆ ಹೇಗೆ ಗೊತ್ತು?"

"ಅದನ್ನ ನೀವ ಹರದ್ರೆಲ್ರಿ ಸಾಹೇಬ್ರ."

ಬಾಗಿಲ ಹಿಂದೆ ವೈನಿ ಸೆರಗು ಬಾಯಿಗೆ ಒತ್ತಿಕೊಂಡರು. ಸರ್ ಕಾಗದ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ನಾನೇ ಕೇಳಬೇಕಾಯಿತು.

"ಅವತ್ತ ಗೊತ್ತಿತ್ತಲ್ರಿ ಆಯಿ? ಯಾಕ ಹೇಳಲಿಲ್ಲ ಮತ್ತ?"

ಆಯಿ ಮೊರದಿಂದ ಒಂದು ಕಲ್ಲು ಆರಿಸಿ ಹೊರಗೆ ಎಸೆದು, ಸರ್ ಕಡೆ ತುಂಬ ಅಂತಃಕರಣದಿಂದ ನೋಡಿದರು.

"ಅಷ್ಟ ಹುರುಪಿಲೆ ಕೊಟ್ಟಿದ್ರು, ಬ್ಯಾಡ ಹೆಂಗ ಅನ್ನಲಿ? ಮತ್ತ ಅಷ್ಟ ದೊಡ್ಡ ಮಷೀನ ಇಟಗೊಂಡೀರಿ. ಅದಕ್ಕೂ ಹುಡಕಾಕ ಒಂದರ ತಪ್ಪ ಸಿಗಬೇಕಲ್ರಿ ಪಾಪ."